ಆನೆ ದಾಳಿಯೋ, ಆನೆ ದಾರಿಯೋ?

ಪ್ರಶ್ನೆ: ಮಗಳು ಹಾಸನದಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ, ಅವಳ ರೂಮ್‌ಮೇಟ್ ಮನಶ್ಶಾಸ್ತ್ರ. ಇಬ್ಬರಿಗೂ ‘ಫ್ರೇಮಿಂಗ್’ ಅಂತ ಪಾಠ ಇದೆ. ಆದರೆ ಇವಳು ಹೇಳುವುದು ಅವಳಿಗೆ ಒಪ್ಪಿಗೆ ಇಲ್ಲ. ರಜೆಗೆ ಮನೆಗೆ ಬಂದರೂ ಊಟದ ಹೊತ್ತಲ್ಲಿ ಇದೇ ಜಗಳ. ಎರಡೂ ಒಂದೇನಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಒಂದೇ ಅಲ್ಲ, ಹೆಸರು ಮಾತ್ರ ಒಂದು. ಇಬ್ಬರೂ ಸರಿ ಹೇಳುತ್ತಿದ್ದಾರೆ, ಜಗಳ ಮುಗಿಯದೇ ಇರುವುದು ಅದಕ್ಕೇ.

ರೂಮ್‌ಮೇಟ್ ಓದುತ್ತಿರುವುದು ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1981ರಲ್ಲಿ ಬರೆದದ್ದು. 600 ಜನರ ಜೀವಕ್ಕೆ ಕುತ್ತು ತರುವ ರೋಗ ಬರುತ್ತಿದೆ ಅಂದುಕೊಳ್ಳಿ. ಒಂದು ಯೋಜನೆಯಲ್ಲಿ 200 ಜನ ಖಂಡಿತ ಉಳಿಯುತ್ತಾರೆ. ಇನ್ನೊಂದು ಜೂಜು: ಎಲ್ಲರೂ ಉಳಿಯುವ ಸಾಧ್ಯತೆ ಮೂರರಲ್ಲಿ ಒಂದು ಪಾಲು, ಇಲ್ಲದಿದ್ದರೆ ಒಬ್ಬರೂ ಇಲ್ಲ. ಶೇ. 72 ಮಂದಿ ಖಂಡಿತದ್ದನ್ನೇ ಆರಿಸಿದರು. ಅದೇ ಲೆಕ್ಕವನ್ನು ‘400 ಜನ ಸಾಯುತ್ತಾರೆ’ ಅಂತ ತಿರುಗಿಸಿ ಬೇರೆ ಗುಂಪಿಗೆ ಕೇಳಿದಾಗ ಅದನ್ನು ಆರಿಸಿದವರು ಶೇ. 22 ಮಾತ್ರ! ನಮ್ಮಲ್ಲೂ ಅಷ್ಟೇ. ಕಾಂಡಕೊರಕ ಹುಳು ಬಿದ್ದ ಅರೇಬಿಕಾ ಕಾಫಿ ತೋಟದಲ್ಲಿ ನಿಂತು ‘ನೂರಕ್ಕೆ ತೊಂಬತ್ತು ಗಿಡ ಉಳಿಯುತ್ತೆ ಬಿಡಿ’ ಅಂದರೆ ಒಂದು ನೆಮ್ಮದಿ, ‘ಹತ್ತು ಗಿಡ ಕೀಳಬೇಕು’ ಅಂದರೆ ರಾತ್ರಿ ನಿದ್ದೆ ಇಲ್ಲ. ಇಲ್ಲಿ ಅಂಕಿ ಬದಲಾಗಲಿಲ್ಲ, ಹೇಳಿದ ಮಾತು ಬದಲಾಯಿತು ಅಷ್ಟೇ.

ಮಗಳ ಫ್ರೇಮಿಂಗ್‌ನಲ್ಲಿ ಲೆಕ್ಕ ಹೀಗೆ ಸರಿಸಮ ಇರಬೇಕಾಗಿಲ್ಲ. ಮಾಧ್ಯಮ ಸಂಶೋಧಕ ಎಂಟ್‌ಮನ್ 1993ರಲ್ಲಿ ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನಡೆದದ್ದರಲ್ಲಿ ಒಂದಷ್ಟನ್ನು ಆರಿಸಿ, ಅದನ್ನೇ ಎತ್ತಿ ತೋರಿಸಿ, ಸಮಸ್ಯೆ ಏನು, ತಪ್ಪು ಯಾರದು, ಪರಿಹಾರ ಏನು ಅಂತ ಓದುಗ ತಾನಾಗಿಯೇ ಅಂದುಕೊಳ್ಳುವ ಹಾಗೆ ಮಾಡುವುದು. ನಿಮ್ಮೂರಲ್ಲೇ ನೋಡಿ. ‘ತೋಟಕ್ಕೆ ಕಾಡಾನೆ ದಾಳಿ’ ಅಂತ ಬರೆದರೆ ಆನೆ ಹಿಡಿದು ಸಾಗಿಸಿ ಅನ್ನುತ್ತೀರಿ. ‘ಆನೆ ದಾರಿಗೆ ಸೋಲಾರ್ ಬೇಲಿ’ ಅಂತ ಬರೆದರೆ ಬೈಗುಳ ಬೇಲಿ ಹಾಕಿದವರಿಗೆ. ಆನೆ ಅದೇ, ಮುರಿದ ಬಾಳೆಯೂ ಅದೇ. ಆದರೆ ಇವು ಒಂದೇ ಮಾತಿನ ಎರಡು ರೂಪ ಅಲ್ಲ, ಎರಡು ಬೇರೆ ಕಥೆ. ಇವರಿಬ್ಬರ ಜಗಳ ಹುಟ್ಟುವುದು ಇಲ್ಲೇ ಅಂತ ನನ್ನ ಅನುಮಾನ.

ಇವೆರಡಕ್ಕೂ ಹಿಂದಿನದು ಮಾನವಶಾಸ್ತ್ರಜ್ಞ ಬೇಟ್ಸನ್ ಅವರ ಫ್ರೇಮ್, ನನಗೆ ಜಾಸ್ತಿ ಇಷ್ಟವಾದದ್ದೂ ಅದೇ. ಸ್ಯಾನ್ ಫ್ರಾನ್ಸಿಸ್ಕೋ ಮೃಗಾಲಯದಲ್ಲಿ ಮಂಗಗಳು ಆಡುವುದನ್ನು ನೋಡಿ ಅವರಿಗೆ ಹೊಳೆದದ್ದು: ‘ಇದು ಆಟ’ ಅಂತ ಒಂದಕ್ಕೊಂದು ತಿಳಿಸದೆ ಹೀಗೆ ಕಚ್ಚಾಡೋಕೆ ಆಗಲ್ಲ. ನಮ್ಮ ಅಂಗಳದ ನಾಯಿಮರಿಗಳೂ ಮುಂಗಾಲು ಬಗ್ಗಿಸಿ ಬಾಲ ಆಡಿಸಿದ ಮೇಲೆಯೇ ಅಣ್ಣನ ಕಿವಿಗೆ ಬಾಯಿ ಹಾಕುವುದು. ಇಲ್ಲಿ ಫ್ರೇಮ್ ಅಂದರೆ ‘ಈಗ ಇಲ್ಲಿ ಏನು ನಡೀತಿದೆ’ ಅನ್ನುವ ತಿಳಿವಳಿಕೆ. ಇದನ್ನೇ ಹಿಡಿದು ಸಮಾಜಶಾಸ್ತ್ರಜ್ಞ ಗಾಫ್‌ಮನ್ 1974ರಲ್ಲಿ ದಪ್ಪ ಪುಸ್ತಕವನ್ನೇ ಬರೆದರು. ಕಂಪ್ಯೂಟರ್‌ನವರ ಫ್ರೇಮ್ ಇನ್ನೂ ಬೇರೆ, ಅದನ್ನು ಊಟದ ಮಧ್ಯೆ ತರಬೇಡಿ.

ಮುಂದಿನ ಸಲ ಜಗಳ ಶುರುವಾದರೆ ‘ಯಾರ ಫ್ರೇಮು?’ ಅಂತ ಮೊದಲು ಕೇಳಿ. ಟ್ವೆರ್ಸ್ಕಿದಾ, ಎಂಟ್‌ಮನ್‌ದಾ ಅಂತ ಅವರು ಹೇಳುವಷ್ಟರಲ್ಲಿ ನೀವು ಸಾರು ಬಡಿಸಿ ಮುಗಿಸಿರುತ್ತೀರಿ.