ಓದುಗರ ಪ್ರಶ್ನೆ: ಕಾಫಿಗೂ ಕೂಪನ್ ಇತ್ತಾ?

ಪ್ರಶ್ನೆ: ಮಗಳು ನಾರ್ವೆಯಲ್ಲಿ ಕೆಲಸದಲ್ಲಿದ್ದಾಳೆ. ಈ ಸಲ ಬರುವಾಗ ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಒಂದು ರೇಷನ್ ಕಾರ್ಡ್ ತಂದಳು. ಎರಡನೇ ಮಹಾಯುದ್ಧದ ಕಾಲದ್ದಂತೆ. ಅದರಲ್ಲಿ ‘ಕಾಫೆ’ ಎಂದು ಅಚ್ಚಾದ ಪುಟ್ಟ ಚೌಕಗಳಿವೆ, ಕೆಲವನ್ನು ಕತ್ತರಿಸಿಯೇ ಇಲ್ಲ. ಕಾಫಿಗೂ ರೇಷನ್ನಾ? ಕೂಪನ್ ಇದ್ದೂ ಯಾಕೆ ಬಿಟ್ಟರು?
– ಮೂಡಿಗೆರೆಯ ಓದುಗರು

ಉತ್ತರ: ಹೌದು, ಕಾಫಿಗೂ ಇತ್ತು. ಯುದ್ಧ ಮುಗಿದು ಏಳು ವರ್ಷವಾದರೂ, ಅಂದರೆ 1952ರವರೆಗೂ ನಾರ್ವೆಯಲ್ಲಿ ಕಾಫಿ ರೇಷನ್‌ನಲ್ಲೇ ಸಿಗುತ್ತಿತ್ತು. 1940ರ ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕ್, ನಾರ್ವೆ ಎರಡಕ್ಕೂ ನುಗ್ಗಿತು, ಹಡಗಿನ ದಾರಿ ಮುಚ್ಚಿತು. ಆ ಚಳಿಯಲ್ಲಿ ಕಾಫಿ ಗಿಡ ಬದುಕುವುದಿಲ್ಲ. ಒಂದೊಂದು ಬೀಜವೂ ಸಮುದ್ರ ದಾಟಿಯೇ ಬರಬೇಕು.

ಇನ್ನು ಕತ್ತರಿಸದ ಚೌಕಗಳು. ಕೂಪನ್ ಅಂದರೆ ದುಡ್ಡಲ್ಲ, ಪುಕ್ಕಟೆ ಸಾಮಾನಿನ ಚೀಟಿಯೂ ಅಲ್ಲ. ‘ಇಷ್ಟು ಕೊಳ್ಳಬಹುದು’ ಎಂಬ ಅನುಮತಿ ಅಷ್ಟೇ, ದುಡ್ಡು ಬೇರೆ ಕೊಡಲೇಬೇಕು. ಅಂಗಡಿಯವರು ಆ ಚೌಕವನ್ನು ಕತ್ತರಿಸಿ ಇಟ್ಟುಕೊಂಡು ಲೆಕ್ಕ ಒಪ್ಪಿಸಿದರೆ ಮಾತ್ರ ಅವರಿಗೂ ಮುಂದಿನ ಮಾಲು. ಮಾಲೇ ಬರದಿದ್ದರೆ ಚೌಕ ಕಾರ್ಡಿನಲ್ಲೇ ಉಳಿಯುತ್ತದೆ. ನಿಮ್ಮ ಕಾರ್ಡಿನ ಕಥೆಯೂ ಅದೇ ಇರಬಹುದು ಅನ್ನಿಸುತ್ತದೆ. ನಮ್ಮ ಮನೆಯ ಕಾರ್ಡಿನಲ್ಲೂ ಸೀಮೆಎಣ್ಣೆ ಕಾಲಂ ಖಾಲಿ ಉಳಿದ ತಿಂಗಳುಗಳಿದ್ದವು. ಅಮ್ಮ ಕ್ಯಾನ್ ಹಿಡಿದು ಹೋಗಿ, ಕ್ಯೂ ನಿಂತು, ‘ಸ್ಟಾಕ್ ಬಂದಿಲ್ಲ’ ಅನ್ನಿಸಿಕೊಂಡು ಬಂದು, ಅದನ್ನು ಬಾಗಿಲ ಹಿಂದೆ ಇಡುವಾಗ ಬರುತ್ತಿದ್ದ ಆ ಟೊಳ್ಳು ಸದ್ದು ಈಗಲೂ ಕಿವಿಯಲ್ಲಿದೆ.

ಹಾಗಾದರೆ ಅಲ್ಲಿನ ಜನ ಏನು ಕುಡಿದರು? ಬಾರ್ಲಿ ಹುರಿದರು, ಬಟಾಣಿ ಹುರಿದರು, ಚಿಕೋರಿ ಹಾಕಿದರು, ಬಯಲಲ್ಲಿ ತಾನಾಗಿ ಬೆಳೆಯುವ ಡ್ಯಾಂಡಲಯನ್ ಗಿಡದ ಬೇರನ್ನೂ ಬಿಡದೆ ಅಗೆದು ಒಣಗಿಸಿ ಪುಡಿ ಮಾಡಿದರು. ನಮ್ಮಲ್ಲಿ ಚಿಕೋರಿ ಬೆರೆಸುವುದು ಡಿಕಾಕ್ಷನ್ ಗಟ್ಟಿ ಬರಲಿ ಅಂತ ಅಲ್ವಾ? ಅಲ್ಲಿ ಬೆರೆಸೋಣ ಅಂದರೆ ಕಾಫಿಯೇ ಇರಲಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವಿಷಯ. ಅವರು ಬೇರು ಹುರಿಯುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ಚಿಕ್ಕಮಗಳೂರಿನ ತೋಟದವರಿಗೆ ಬೆಳೆದ ಕಾಫಿಯನ್ನು ಯಾರಿಗೆ ಮಾರುವುದು ಎಂಬ ಚಿಂತೆ. ಯುರೋಪಿನ ಮಾರುಕಟ್ಟೆ ಕೈತಪ್ಪಿತ್ತು. ಅದಕ್ಕೇ 1940ರಲ್ಲಿ ಸುಗ್ರೀವಾಜ್ಞೆ ಬಂತು, 1942ರಲ್ಲಿ ಕಾಫಿ ಕಾಯ್ದೆಯಾಯಿತು, ಬೆಳೆಗಾರರ ಕಾಫಿಯನ್ನೆಲ್ಲ ಒಂದೇ ಪೂಲ್‌ಗೆ ಸೇರಿಸಿ ಮಾರುವ ಪದ್ಧತಿ ಶುರುವಾಯಿತು. ಹಿರಿಯ ಬೆಳೆಗಾರರು ಈಗಲೂ ‘ಪೂಲಿಗೆ ಹಾಕ್ತಿದ್ವಿ’ ಅನ್ನುತ್ತಾರಲ್ಲ, ಆ ಪೂಲ್ ಹುಟ್ಟಿದ್ದು ಈ ಯುದ್ಧದಿಂದ. ನಿಮ್ಮ ಕಾರ್ಡಿನ ಖಾಲಿ ಚೌಕಕ್ಕೂ ನಿಮ್ಮೂರಿನ ಕಣದಲ್ಲಿ ಒಣಗುತ್ತಿದ್ದ ಕಾಫಿಗೂ ನಡುವೆ ನಿಂತಿದ್ದು ಒಂದೇ ಯುದ್ಧ.

ಪ್ರಶ್ನೆ: ಸ್ವೀಡನ್ ಯುದ್ಧಕ್ಕೆ ಇಳಿಯಲೇ ಇಲ್ಲ. ಅಲ್ಲೂ ರೇಷನ್ ಇತ್ತು ಅಂತಾರೆ, ಯಾಕೆ?
– ಸಕಲೇಶಪುರದ ಓದುಗರು

ಉತ್ತರ: ಯುದ್ಧಕ್ಕೆ ಇಳಿಯದಿದ್ದರೂ ಯುದ್ಧ ಅವರ ಸುತ್ತ ಇತ್ತು. ನಾರ್ವೆ, ಡೆನ್ಮಾರ್ಕ್ ಎರಡೂ ಜರ್ಮನಿಯ ಕೈಲಿ, ನಡುವಿನ ಸ್ಕಾಗೆರಾಕ್ ಜಲಸಂಧಿಯ ತುಂಬ ಹಡಗು ಸಿಡಿಸುವ ಮೈನ್‌ಗಳು. ಕೊನೆಗೆ ಬ್ರಿಟನ್, ಜರ್ಮನಿ ಇಬ್ಬರ ಒಪ್ಪಿಗೆಯನ್ನೂ ಪಡೆದ ಕೆಲವೇ ಹಡಗುಗಳು ಗೋಥೆನ್‌ಬರ್ಗ್ ಬಂದರಿಗೆ ಹೋಗಿ ಬರುತ್ತಿದ್ದವು. ಪೆಟ್ರೋಲ್ ಸಿಗದೆ ಕಾರು, ಬಸ್ಸುಗಳನ್ನು ಸೌದೆ ಗ್ಯಾಸಿನಲ್ಲಿ ಓಡಿಸಿದರು. ದನಗಳಿಗೆ ಮೇವು ಸಾಲದೆ ಮರದ ತಿರುಳಿನಿಂದ ಮಾಡಿದ ಸೆಲ್ಯುಲೋಸ್ ತಿನ್ನಿಸಿದರು. ಕಾಫಿ ರೇಷನ್ 1945ರಲ್ಲಿ ನಿಂತು, ವಿದೇಶಿ ವಿನಿಮಯ ಸಾಲದೆ 1947ರಲ್ಲಿ ಮತ್ತೆ ಬಂತು, 1951ರವರೆಗೂ ಇತ್ತು.

ಇಷ್ಟಿದ್ದೂ ಸ್ವೀಡನ್ನಿನವರು ಪಕ್ಕದ ನಾರ್ವೆಯ ಶಾಲಾ ಮಕ್ಕಳಿಗೆ ಊಟಕ್ಕೆ ಸೂಪ್ ಕೊಟ್ಟು ನೆರವಾದರು. ಆ ಸೂಪನ್ನು ಅಲ್ಲಿ ‘ಸ್ವೀಡಿಷ್ ಸೂಪ್’ ಎಂದೇ ಕರೆಯುತ್ತಿದ್ದರು.

ಮೂಡಿಗೆರೆಯವರಿಗೆ ಇನ್ನೊಂದು ಮಾತು: ಮಳೆಗೆ ಹೆದರಿ ಆ ಕಾರ್ಡನ್ನು ಲ್ಯಾಮಿನೇಟ್ ಮಾಡಿಸಬೇಡಿ, ಹಳೇ ಕಾಗದ ಹಾಳಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ತೇವ ತಾಗದ ಕಡೆ ಇಡಿ.