ಡಿಸ್ಕ್ ಮುಟ್ಟದೆ ಲಿನಕ್ಸ್ ನೋಡುವುದು ಹೇಗೆ?

ಪ್ರಶ್ನೆ: ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ವಿಂಡೋಸ್ 11 ಇದಕ್ಕೆ ಆಗುವುದಿಲ್ಲವಂತೆ. ಲಿನಕ್ಸ್ ಮಿಂಟ್ ಹಾಕಿ ಎನ್ನುತ್ತಾರೆ. ಈಗಿರುವುದನ್ನು ಅಳಿಸದೆ ಅದನ್ನು ನೋಡಬಹುದೆ? – ಓದುಗರು, ದಾವಣಗೆರೆ

ಉತ್ತರ: ನೋಡಬಹುದು, ನೋಡಿಯೇ ಹಾಕಬೇಕು. ಲಿನಕ್ಸ್ ಮಿಂಟ್ ಎಂದರೆ ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಮಿಂಟ್ ಮೂರು ರೂಪದಲ್ಲಿ ಸಿಗುತ್ತದೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. 4 ಜಿಬಿಗೆ ಹಗುರವಾದ ಎಕ್ಸ್‌ಎಫ್‌ಸಿಇ ಸಾಕು, ಅಂದಕ್ಕೆ ಮಾರುಹೋಗಿ ಸಿನಮನ್ ಆರಿಸಬೇಡಿ.

ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಫೈಲ್ (ಇಡೀ ಮಿಂಟ್ ಅಡಗಿರುವ ಒಂದೇ ಫೈಲ್) ಇಳಿಸಿಕೊಳ್ಳಿ, ಸುಮಾರು 3 ಜಿಬಿ ಇರುತ್ತದೆ. 8 ಜಿಬಿಯ ಒಂದು ಪೆನ್‌ಡ್ರೈವ್ ಖಾಲಿ ಮಾಡಿಟ್ಟುಕೊಳ್ಳಿ, ಅದರಲ್ಲಿರುವುದೆಲ್ಲ ಹೋಗುತ್ತದೆ. ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಹಾಗೇ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ಅಂದರೆ ಯಂತ್ರ ಅದರಿಂದ ಶುರುವಾಗುವುದಿಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಬರೆಯಬೇಕು. ಐಎಸ್‌ಒ ಮೋಡೋ ಡಿಡಿ ಮೋಡೋ ಎಂದು ಅದು ಕೇಳಿದರೆ ಐಎಸ್‌ಒ ಎನ್ನಿ.

ಪೆನ್‌ಡ್ರೈವ್ ಚುಚ್ಚಿ, ಯಂತ್ರ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿ ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಮೆನು ಬಂದಾಗ ಪೆನ್‌ಡ್ರೈವ್ ಆರಿಸಿ. ಪರದೆ ಕಪ್ಪಾಗಿಯೇ ಉಳಿದರೆ ಗ್ರಾಫಿಕ್ಸ್ ಚಾಲಕ (ಡ್ರೈವರ್) ಹೊಂದಿಕೊಳ್ಳದಿರಬಹುದು. ಮಿಂಟ್‌ನ ಮೊದಲ ಮೆನುವಿನಲ್ಲೇ ಇರುವ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ ನೋಡಿ.

ಈಗ ಮಿಂಟ್ ರ‍್ಯಾಮ್ ಮತ್ತು ಪೆನ್‌ಡ್ರೈವ್‌ನಲ್ಲಿ ಮಾತ್ರ ಓಡುತ್ತಿರುತ್ತದೆ. ನೀವು ಬದಲಿಸಿದ್ದೆಲ್ಲ ರೀಸ್ಟಾರ್ಟ್ ಆದರೆ ಮಾಯ. ನಿಧಾನ ಅನ್ನಿಸಿದರೆ ಮಿಂಟನ್ನು ಬೈಯಬೇಡಿ, ಪೆನ್‌ಡ್ರೈವ್‌ನ ವೇಗವೇ ಅಷ್ಟು. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್, ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರವಾಗುತ್ತದೆಯೇ – ಇಷ್ಟನ್ನು ಇಲ್ಲೇ ಪರೀಕ್ಷಿಸಿ. ಬ್ರಾಡ್‌ಕಾಮ್ ಚಿಪ್ ಇದ್ದರೆ ವೈಫೈ ಕಾಣಿಸದಿರಬಹುದು. ಆಗ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ನೆಟ್ ಬರುತ್ತದೆ. ಚಾಲಕವನ್ನು ಡ್ರೈವರ್ ಮ್ಯಾನೇಜರ್‌ನಲ್ಲಿ ಹುಡುಕಬಹುದು.

ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಚಿಹ್ನೆಯ ತಂಟೆಗೆ ಸದ್ಯ ಹೋಗಬೇಡಿ. ಮುಂದೆ ಹೋದಾಗಲೂ ‘ಇರೇಸ್ ಡಿಸ್ಕ್’ ಎಂದರೆ ವಿಂಡೋಸ್, ಫೋಟೊ ಎಲ್ಲ ಸೇರಿ ಇಡೀ ಡಿಸ್ಕ್ ಅಳಿಯುತ್ತದೆ ಎಂಬುದು ನೆನಪಿರಲಿ. ಅಂದಹಾಗೆ, ಯಂತ್ರದಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ 256 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸುವುದರಿಂದ ಆಗುವ ಲಾಭ ಯಾವ ಆಪರೇಟಿಂಗ್ ಸಿಸ್ಟಂ ಬದಲಿಸಿದರೂ ಆಗದು.

ಪ್ರಶ್ನೆ: ಪೆನ್‌ಡ್ರೈವ್‌ನಿಂದ ಮಿಂಟ್ ಬಂತು. ಆದರೆ ವಿಂಡೋಸ್‌ನ ಡಿ ಡ್ರೈವ್‌ಗೆ ಫೈಲ್ ಹಾಕಲು ಬಿಡುತ್ತಿಲ್ಲ, ‘ರೀಡ್ ಓನ್ಲಿ’ ಎನ್ನುತ್ತಿದೆ. ಡಿಸ್ಕ್ ಕೆಟ್ಟಿದೆಯೆ? – ಓದುಗರು, ಶಿರಸಿ

ಉತ್ತರ: ಕೆಟ್ಟಿರಲಾರದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಇದ್ದಾಗ ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮಲಗುವುದಿಲ್ಲ, ಅರ್ಧ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡಿರುತ್ತದೆ. ಆ ಸ್ಥಿತಿ ಹಾಳಾಗಬಾರದೆಂದು ಲಿನಕ್ಸ್ ಬರೆಯಲು ಒಪ್ಪುವುದಿಲ್ಲ. ವಿಂಡೋಸ್‌ಗೆ ಹೋಗಿ, ಶಿಫ್ಟ್ ಕೀಲಿ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಶಾಶ್ವತವಾಗಿ ತೆಗೆಯಲು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಪವರ್ ಗುಂಡಿಯ ಸೆಟ್ಟಿಂಗ್ ತೆರೆದು ಫಾಸ್ಟ್ ಸ್ಟಾರ್ಟಪ್‌ನ ಟಿಕ್ ಅಳಿಸಿ.

ಪ್ರಶ್ನೆ: ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ. ಹಳೆಯ ಫೈಲ್‌ಗಳ ಗತಿಯೇನು? – ಓದುಗರು, ಮಂಡ್ಯ

ಉತ್ತರ: ಕೀಲಿಮಣೆಯ ಚಿಂತೆ ಬೇಡ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಐಬಸ್-ಎಂ17ಎನ್’ (ibus-m17n) ಎಂಬ ಟೈಪಿಂಗ್ ತಂತ್ರಾಂಶ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್ಔಟ್ ಆಗಿ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಸೇರಿಸಿ, ನುಡಿಯ ಕೀಲಿ ವಿನ್ಯಾಸ ಅದೇ. ಒತ್ತಕ್ಷರಕ್ಕೆ ಇಲ್ಲೂ ಎಫ್ ಕೀಲಿಯೇ: ‘ಅಕ್ಕ’ ಎಂದರೆ ಎ, ಕೆ, ಎಫ್, ಕೆ.

ತೊಂದರೆ ಇರುವುದು ಹಳೆಯ ಕಡತಗಳಲ್ಲಿ. ಆಸ್ಕಿ ನುಡಿಯಲ್ಲಿ ಬರೆದದ್ದು ನಿಜಕ್ಕೂ ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಸಂಕೇತಗಳಿಗೆ ಕನ್ನಡ ಫಾಂಟ್‌ನ ವೇಷ ಹಾಕಿದ್ದು. ಆ ಫಾಂಟ್ ಇಲ್ಲದ ಕಡೆ, ಮಿಂಟ್‌ನ ಬರವಣಿಗೆ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ವಿಚಿತ್ರ ಚಿಹ್ನೆಗಳ ಸಾಲು ಕಾಣುತ್ತದೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ (ಎಲ್ಲ ಯಂತ್ರಗಳೂ ಓದುವ ನಿಜವಾದ ಕನ್ನಡ ಸಂಕೇತಕ್ಕೆ) ಬದಲಿಸಿ, ರ‍್ಕಾರ (ಅರ್ಕಾವೊತ್ತು) ಇರುವ ಪದಗಳನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳಿ.

ಪ್ರಶ್ನೆ: ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದೆ. ಮಿಂಟ್‌ಗೆ ಬರಬಹುದೆ? – ಓದುಗರು, ಗದಗ

ಉತ್ತರ: ಆ ಯಂತ್ರದಲ್ಲಿ ಬೇಡ. ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ಮನೆಯ ಇನ್ನೊಂದು ಕಂಪ್ಯೂಟರ್‌ನಲ್ಲಿ ಮಿಂಟ್ ನೋಡಿ.