ಮೆಣಸು ಕೊಯ್ದ ಮೇಲೆ ಹೆಗಲ ನೋವು: ಕೀಲಿನದಾ, ಸ್ನಾಯುವಿನದಾ?

ನಮಸ್ಕಾರ. ವಿರಾಜಪೇಟೆ ಹತ್ತಿರದ ತೋಟದಲ್ಲಿ ಏಣಿ ಹತ್ತಿ ಮೆಣಸು ಕೊಯ್ದ ಮೇಲೆ ಕತ್ತಿಗೂ ಹೆಗಲಿಗೂ ನಡುವೆ ಬಿಗಿಯಾಗಿ ನೋಯುತ್ತಿದೆ, ಭುಜದ ಕೀಲು ಹೋಯಿತಾ ಎಂದು ಕೇಳಿದ್ದೀರಿ. ನೀವು ಹೇಳಿದ ಜಾಗ ನೋಡಿದರೆ ಸ್ನಾಯುವಿನ ಮೇಲೇ ನನಗೆ ಅನುಮಾನ ಜಾಸ್ತಿ.

ಅಲ್ಲಿ ಮೇಲ್ಪದರದಲ್ಲಿರುವುದು ಟ್ರಪೀಜಿಯಸ್ ಎಂಬ ಸ್ನಾಯು. ತಲೆಬುರುಡೆಯ ಹಿಂಭಾಗದಿಂದ ನಡುಬೆನ್ನಿನ ಕೆಳಗಿನವರೆಗೂ ಹರಡಿರುತ್ತದೆ. ಅದರಡಿ ಲೆವೇಟರ್ ಸ್ಕ್ಯಾಪ್ಯುಲೆ ಇದೆ. ಕತ್ತಿನ ಮೇಲಿನ 4 ಮೂಳೆಗಳಿಂದ ಇಳಿದು ಹೆಗಲಮೂಳೆಯ ಒಳಮೂಲೆಗೆ ಅಂಟಿಕೊಳ್ಳುತ್ತದೆ. ಕೈಯನ್ನು ಪೂರ್ತಿ ಮೇಲೆತ್ತಿದಾಗ ಆಗುವ 180 ಡಿಗ್ರಿ ಚಲನೆಯಲ್ಲಿ ಸುಮಾರು 120 ಮಾತ್ರ ಭುಜದ ಕೀಲಿನದು. ಉಳಿದ 60 ಹೆಗಲಮೂಳೆ ತಿರುಗುವುದರಿಂದ ಬರುತ್ತದೆ. ತಿರುಗಿಸುವುದು ಟ್ರಪೀಜಿಯಸ್ ಮತ್ತು ಪಕ್ಕೆಲುಬಿನ ಮೇಲಿರುವ ಸೆರಾಟಸ್ ಆಂಟೀರಿಯರ್. ಕತ್ತೆತ್ತಿ, ಕೈ ಚಾಚಿ ಗಂಟೆಗಟ್ಟಲೆ ಗೊಂಚಲು ಬಿಡಿಸಿದರೆ ಇವು ಸೋಲದೆ ಇರುತ್ತವಾ?

ಭುಜದ ಕೀಲಿನ ಮೇಲೆ ಹಾಯುವ, ಕೈ ಎತ್ತಲು ನೆರವಾಗುವ ಸ್ನಾಯು ಸುಪ್ರಾಸ್ಪೈನೇಟಸ್‌ನ ತೊಂದರೆಯಾದರೆ ನೋವು ಸಾಮಾನ್ಯವಾಗಿ ತೋಳಿನ ಹೊರಬದಿಗೆ ಬರುತ್ತದೆ. ಆ ಮಗ್ಗುಲಲ್ಲಿ ಮಲಗಿದರೆ ಹೆಚ್ಚುತ್ತದೆ.

ಏಣಿಯನ್ನು ಆಗಾಗ ಸರಿಸಿ, ಗೊಂಚಲು ಎದೆಮಟ್ಟಕ್ಕೆ ಸಿಗುವಂತೆ ನಿಲ್ಲಿ. ಬಿಸಿನೀರಿನ ಶಾಖ ಕೊಡಿ. ಆದರೆ ಬೆರಳು ಜೋಮು ಹಿಡಿದರೆ, ಕೈ ಎತ್ತಲು ಬಲವೇ ಇಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಎದೆಯೂ ಬಿಗಿದರೆ ದಯವಿಟ್ಟು ಒಂದು ಗಳಿಗೆಯೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.